ಫಂಕ್ಷನ್‌ಗಳ ನಾಮಕರಣ: ‘ಕನ್ನಡ’ದಲ್ಲಿ ಅಕ್ಷರ ಎಷ್ಟು?

(ಬಡಾವಣೆಯ ಕನ್ನಡ ಯುವಕರ ಭಾನುವಾರದ ಕೂಟದಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹ ರೂಪ)



ಭಾಷಣ ಮಾಡುವವರ ಕರಪತ್ರ ಅಚ್ಚು ಹಾಕುವುದು ನನ್ನ ಕಸುಬು, ಭಾಷಣ ಮಾಡುವುದಲ್ಲ. ಓದಿದ್ದು ಪಿಯುಸಿ. ಆಮೇಲೆ ಅಪ್ಪನ ಪ್ರೆಸ್ಸು. ‘ಫಂಕ್ಷನ್ ಬಗ್ಗೆ ಮಾತಾಡ್ತೀನಿ’ ಎಂದು ಸಂಘಟಕರಿಗೆ ಹೇಳಿದಾಗ ಅವರು, ‘ಯಾರದ್ದು ಸಾರ್, ಮದುವೇನಾ, ಗೃಹಪ್ರವೇಶಾನಾ?’ ಎಂದು ಕೇಳಿದರು. ಅವರ ತಪ್ಪಲ್ಲ. ನನ್ನ ಅಂಗಡಿಯಲ್ಲೂ ಫಂಕ್ಷನ್ ಎಂದರೆ ಅದೇ. ಇಪ್ಪತ್ತೈದು ವರ್ಷದಿಂದ ಈ ಬಡಾವಣೆಯ ನಾಮಕರಣಗಳ ಆಮಂತ್ರಣ ಪತ್ರ ಮುದ್ರಿಸುತ್ತಾ ಬಂದಿದ್ದೇನೆ. ಇವತ್ತು ಮಾತಾಡುವುದೂ ನಾಮಕರಣದ ಬಗ್ಗೆಯೇ. ಆದರೆ ತೊಟ್ಟಿಲಲ್ಲಿರುವುದು ಮಗುವಲ್ಲ. ಕಂಪ್ಯೂಟರ್ ಭಾಷೆಯ ಜೊತೆಯಲ್ಲೇ ಹುಟ್ಟಿ ಬರುವ ಫಂಕ್ಷನ್ನು.

ನಿಮ್ಮಲ್ಲಿ ಅರ್ಧಕ್ಕರ್ಧ ಜನ ವೈಟ್‌ಫೀಲ್ಡಿನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಕೋಡು ಬರೆಯುವವರು. ನಿಮಗೆ ಪಾಠ ಹೇಳುವಷ್ಟು ದೊಡ್ಡವನು ನಾನಲ್ಲ. ಆ ಕೋಡು ನನ್ನ ಅಂಗಡಿಗೆ ಬಂದು ಮಾಡಿದ ಒಂದು ಅನಾಹುತವನ್ನು ಹೇಳುತ್ತೇನೆ, ಕೇಳಿ.

ಒಂದು ಶಾಲೆಯ 600 ಮಕ್ಕಳ ಗುರುತಿನ ಚೀಟಿಯ ಕೆಲಸ ಬಂತು. ಹೆಸರು ಕನ್ನಡದಲ್ಲೇ ಇರಬೇಕು ಎಂದರು. ಇಂಥ ಆರ್ಡರು ಬಂದರೆ ನನಗೆ ಎದೆಯುಬ್ಬುತ್ತದೆ, ರೇಟಿನಲ್ಲಿ ಸ್ವಲ್ಪ ಬಿಟ್ಟುಕೊಟ್ಟೇಬಿಡುತ್ತೇನೆ. ಹೆಸರಿನ ಪಟ್ಟಿಯನ್ನು ತಂಗಿಯ ಮಗನ ಕೈಗೆ ಕೊಟ್ಟೆ. ಬಿಸಿಎ ಓದಿದ ಹುಡುಗ, ಪೈಥಾನ್ ಬಲ್ಲವನು. ಇಂಗ್ಲಿಷ್ ಚೀಟಿಗೆ ಹಿಂದೆ ಮಾಡಿದ್ದ ಪ್ರೋಗ್ರಾಮನ್ನೇ ಬಳಸಿದ. ಹೆಸರಿಗೆ ಇರುವ ಜಾಗ 12 ಅಕ್ಷರ. ಅದಕ್ಕಿಂತ ಉದ್ದವಾದರೆ ಕತ್ತರಿಸು. ಇಷ್ಟೇ ಲೆಕ್ಕ. ರಾತ್ರಿಯೆಲ್ಲ ಕೂತು ಮುದ್ರಿಸಿ, ಲ್ಯಾಮಿನೇಶನ್ ಮಾಡಿ, ಬೆಳಿಗ್ಗೆ ಡಬ್ಬಿ ತುಂಬಿ ಕಳಿಸಿದೆವು.

ಮಾರನೆಯ ದಿನ ಒಬ್ಬ ಹಿರಿಯರು ಅಂಗಡಿಗೆ ಬಂದರು. ಕೈಯಲ್ಲಿ ಮೊಮ್ಮಗನ ಚೀಟಿ. ‘ಏನಪ್ಪಾ ಯಜಮಾನ, ನಮ್ಮಪ್ಪನ ಹೆಸರು ಮಗೂಗೆ ಇಟ್ಟಿದೀವಿ. ನೀನು ಅದರ ಬಾಲ ಕತ್ತರಿಸಿದೀಯಲ್ಲ?’ ಎಂದರು. ನೋಡಿದೆ. ‘ವಿಶ್ವೇಶ್ವರಯ್’ ಎಂದಿತ್ತು. ‘ಯ್ಯ’ ಹೋಗಿ ‘ಯ್’ ಉಳಿದಿತ್ತು. ಇಡೀ ಕನ್ನಡನಾಡು ಕೈಮುಗಿಯುವ ಹೆಸರು ಸ್ವಾಮಿ! ನನ್ನ ಪ್ರೆಸ್ಸಿನಲ್ಲಿ ಅರ್ಧಕ್ಕೇ ನಿಂತಿತ್ತು.

ಹುಡುಗನನ್ನು ಕರೆದು ಗದರಿದೆ. ‘ಮಾವ, ನಾನೇನು ಮಾಡ್ಲಿ? ಉದ್ದ ಎಷ್ಟು ಅಂತ ಕೇಳ್ದೆ, ಅದು 13 ಅಂತು’ ಎಂದ. ನಾನು ಬೆರಳು ಮಡಚಿ ಎಣಿಸಿದೆ. ವಿ, ಶ್ವೇ, ಶ್ವ, ರ, ಯ್ಯ. ಐದು! ಒಂದನೇ ಕ್ಲಾಸಿನ ಮಗುವೂ ಐದು ಎನ್ನುತ್ತದೆ. ಹದಿಮೂರು ಎಲ್ಲಿಂದ ಬಂತು?

ಆ ಪ್ರಶ್ನೆ ಹಿಡಿದು ಹೊರಟವನು ಒಂದು ವರ್ಷ ಸಿಕ್ಕ ಸಿಕ್ಕವರನ್ನು ಕೇಳಿದೆ, ಓದಿದೆ. ತಿಳಿದದ್ದನ್ನು ಹೇಳುತ್ತೇನೆ.

ಕೇಸಿನೊಳಗಿನ ಮೊಳೆಗಳು

ನಾನು ಚಿಕ್ಕವನಿದ್ದಾಗ ನಮ್ಮದು ಟ್ರೆಡಲ್ ಪ್ರೆಸ್ಸು. ಅಪ್ಪ ನಿಂತುಕೊಂಡೇ ಮೊಳೆ ಜೋಡಿಸುತ್ತಿದ್ದರು. ಎದುರಿಗೆ ಕೇಸು, ಕೇಸಿನಲ್ಲಿ ಮನೆಗಳು. ಪದೇ ಪದೇ ಬೇಕಾಗುವ ಅಕ್ಷರಗಳ ಮನೆ ಕೈಗೆ ಹತ್ತಿರ, ಅಪರೂಪದವು ಮೇಲಿನ ಮೂಲೆಯಲ್ಲಿ. ಯಾವ ಮೊಳೆ ಯಾವ ಮನೆಯಲ್ಲಿರಬೇಕು ಎಂದು ಯಾರೋ ಒಬ್ಬ ಪುಣ್ಯಾತ್ಮ ಒಮ್ಮೆ ನಿರ್ಧಾರ ಮಾಡಿದ್ದ. ಆಮೇಲೆ ಬಂದ ಕಂಪಾಸಿಟರ್‌ಗಳೆಲ್ಲ ಕಣ್ಣುಮುಚ್ಚಿ ಅಲ್ಲೇ ಕೈ ಹಾಕುತ್ತಿದ್ದರು. ಮನೆ ಬದಲಾಯಿಸಿದರೆ ಮುಗಿಯಿತು, ಪುಟ ತುಂಬ ತಪ್ಪು.

ಕಂಪ್ಯೂಟರ್ ಭಾಷೆಯ ಒಳಗೇ ಬರುವ ಫಂಕ್ಷನ್ ಎಂದರೆ ಇದೇ. ಭಾಷೆಯ ಕೇಸು ತೆರೆದ ಕೂಡಲೇ ಕೈಗೆ ಸಿಗುವ ಮೊಳೆ. ಪೈಥಾನ್‌ನಲ್ಲಿ ಇಂಥವು ಸುಮಾರು 70 ಇವೆ. ‘ಲೆನ್’ ಎಂದರೆ ಉದ್ದ ಹೇಳುತ್ತದೆ. ‘ಸಮ್’ ಎಂದರೆ ಕೂಡುತ್ತದೆ. ‘ಪ್ರಿಂಟ್’ ಎಂದರೆ ತೆರೆಯ ಮೇಲೆ ತೋರಿಸುತ್ತದೆ. (ಒಂದು ಹನಿ ಶಾಯಿ ಖರ್ಚಾಗದ ಈ ಕೆಲಸಕ್ಕೆ ನನ್ನ ಕಸುಬಿನ ಹೆಸರು ಯಾಕೆ ಎಂದು ನನಗೆ ಸಿಟ್ಟು ಬಂದಿತ್ತು. ಆಗಿನ ಕಾಲದಲ್ಲಿ ತೆರೆ ಇರಲಿಲ್ಲವಂತೆ. ಟೆಲಿಟೈಪ್ ಎಂಬ ಯಂತ್ರ ಉತ್ತರವನ್ನು ಕಾಗದದ ಸುರುಳಿಯ ಮೇಲೆ ಕುಟ್ಟಿ ಕುಟ್ಟಿ ಅಚ್ಚು ಮಾಡುತ್ತಿತ್ತಂತೆ. ಯಂತ್ರ ಗುಜರಿಗೆ ಹೋಯಿತು, ಹೆಸರು ಉಳಿಯಿತು.)

ಇಲ್ಲೇ ವಿಷಯ ಇರುವುದು ನೋಡಿ. ಹೆಸರು ಇಟ್ಟವನಿಗೆ ಆ ದಿನ ಏನು ಬೇಕಿತ್ತೋ, ಅವನ ಯಂತ್ರಕ್ಕೆ ಎಷ್ಟು ತಾಕತ್ತಿತ್ತೋ ಅದೆಲ್ಲ ಆ ಹೆಸರಿನಲ್ಲಿ ಹೆಪ್ಪುಗಟ್ಟಿ ಕೂತಿರುತ್ತದೆ. ಐವತ್ತು ವರ್ಷದ ಮೇಲೆ ರಾಜಾಜಿನಗರದ ಹುಡುಗ ಅದನ್ನು ಬಳಸಿದಾಗ ಆ ದಿನದ ಸಾಲವನ್ನು ಇವನು ತೀರಿಸುತ್ತಾನೆ.

ಸಿ ಭಾಷೆಯನ್ನೇ ತೆಗೆದುಕೊಳ್ಳಿ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ 1970ರ ದಶಕದ ಆರಂಭದಲ್ಲಿ ಡೆನಿಸ್ ರಿಚಿ ಕಟ್ಟಿದ್ದು. ಅದರ ಜೊತೆಯ ಫಂಕ್ಷನ್‌ಗಳ ಹೆಸರುಗಳು ಹಲ್ಲು ಬಿದ್ದವರ ಮಾತಿನ ಹಾಗಿವೆ: ‘ಸ್ಟ್ರ್‌ಲೆನ್’, ‘ಸ್ಟ್ರ್‌ಕ್ಯಾಟ್’, ‘ಮ್ಯಾಲಕ್’. ಸ್ವರಗಳನ್ನೆಲ್ಲ ಯಾರು ನುಂಗಿದರು? ಆ ಕಾಲದ ಹಲವು ಯಂತ್ರಗಳಲ್ಲಿ ಪ್ರೋಗ್ರಾಮಿನ ತುಂಡುಗಳನ್ನು ಜೋಡಿಸುವ ಸಲಕರಣೆ, ಹೆಸರಿನ ಮೊದಲ ಆರೇ ಅಕ್ಷರ ನೋಡುತ್ತಿತ್ತು. 1989ರಲ್ಲಿ ಬಂದ ಸಿ ಭಾಷೆಯ ಮಾನದಂಡವೂ ಇಂಥ ಹೆಸರುಗಳಲ್ಲಿ ಮೊದಲ 6 ಅಕ್ಷರಕ್ಕೆ ಮಾತ್ರ ಖಾತರಿ ಕೊಟ್ಟಿತು. ನಾನೂ ಕಿರು ಜಾಹೀರಾತು ಅಚ್ಚು ಹಾಕಿದವನು. ಪದಕ್ಕಿಷ್ಟು ಎಂದು ದುಡ್ಡು ಕೊಡಬೇಕಾದಾಗ ಜನ ಹೇಗೆ ಬರೆಯುತ್ತಾರೆ ಎಂದು ಗೊತ್ತು. ಯೂನಿಕ್ಸ್‌ನಲ್ಲಿ ಹೊಸ ಕಡತ ಸೃಷ್ಟಿಸುವ ಆಜ್ಞೆಗೆ ‘ಕ್ರಿಯೇಟ್’ ಎಂಬ ಪದದ ಕೊನೆಯ ‘ಇ’ ಅಕ್ಷರ ಹಾರಿಸಿ ಹೆಸರಿಟ್ಟರು. ಯೂನಿಕ್ಸನ್ನು ಮತ್ತೆ ಕಟ್ಟುವುದಾದರೆ ಏನು ಬದಲಿಸುತ್ತೀರಿ ಎಂದು ಕೆನ್ ಥಾಂಪ್ಸನ್ ಅವರನ್ನು ಕೇಳಿದಾಗ, ಆ ಒಂದು ‘ಇ’ ಸೇರಿಸುತ್ತೇನೆ ಎಂದರಂತೆ. ತಮಾಷೆಗೇ ಇರಬಹುದು. ಆದರೆ ಆ ‘ಇ’ ಇಂದಿಗೂ ಸೇರಿಲ್ಲ!

ಪಿಎಚ್‌ಪಿ ಕತೆ ಇನ್ನೂ ಸ್ವಾರಸ್ಯ. ರಾಸ್ಮಸ್ ಲೆರ್ಡಾರ್ಫ್ ಎಂಬುವರು 1995ರಲ್ಲಿ ಬಿಡುಗಡೆ ಮಾಡಿದರು. ಅವರೇ 2013ರಲ್ಲಿ ಒಪ್ಪಿಕೊಂಡ ಮಾತಿದು: ಆರಂಭದಲ್ಲಿ ನೂರಕ್ಕಿಂತ ಕಡಿಮೆ ಫಂಕ್ಷನ್‌ಗಳಿದ್ದವು. ಬೇಗ ಹುಡುಕಲು ಅವುಗಳನ್ನು ಹೆಸರಿನ ಉದ್ದದ ಪ್ರಕಾರ ಬೇರೆ ಬೇರೆ ಗೂಡಿನಲ್ಲಿ ಇಡುತ್ತಿದ್ದರು. ಒಂದೇ ಗೂಡು ತುಂಬಿಹೋಗಬಾರದಲ್ಲ? ಅದಕ್ಕೆ ಕೆಲವಕ್ಕೆ ಗಿಡ್ಡ ಹೆಸರು, ಕೆಲವಕ್ಕೆ ಬೇಕೆಂದೇ ಉದ್ದುದ್ದ ಹೆಸರು! ಗೋಡೆಯ ಮೊಳೆಗಳ ಅಂತರ ನೋಡಿ ಮಕ್ಕಳಿಗೆ ಹೆಸರಿಟ್ಟ ಹಾಗಾಯಿತು.

ಅದೇ ಪಿಎಚ್‌ಪಿಯಲ್ಲಿ ಇನ್ನೊಂದು ತೊಡಕು. ‘ಈ ಮಾತು ಆ ವಾಕ್ಯದಲ್ಲಿ ಇದೆಯಾ?’ ಎಂದು ಕೇಳುವ ನೇರ ಫಂಕ್ಷನ್ ಇರಲಿಲ್ಲ. ‘ಎಷ್ಟನೆಯ ಸ್ಥಾನದಲ್ಲಿದೆ?’ ಎಂದು ಹೇಳುವುದು ಇತ್ತು. ಜನ ಅದನ್ನೇ ಬಳಸಿದರು. ಕಂಪ್ಯೂಟರ್ ಎಣಿಕೆ ಸೊನ್ನೆಯಿಂದ ಶುರು. ಸೊನ್ನೆ ಎಂದರೆ ‘ಇಲ್ಲ’ ಎಂದೂ ಅರ್ಥ. ಹೀಗಾಗಿ ‘ಕನ್ನಡ ನಾಡು’ ಎಂಬುದರಲ್ಲಿ ‘ಕನ್ನಡ’ ಇದೆಯಾ ಎಂದು ನೋಡಿದರೆ, ಮೊದಲ ಸ್ಥಾನದಲ್ಲೇ ಇರುವುದರಿಂದ ಉತ್ತರ ಸೊನ್ನೆ ಬರುತ್ತಿತ್ತು. ಎಚ್ಚರವಿಲ್ಲದೆ ಬರೆದ ಪ್ರೋಗ್ರಾಮು ‘ಕನ್ನಡ ಇಲ್ಲ’ ಎಂದು ತಿಳಿಯುತ್ತಿತ್ತು. ನಾಡಿನಲ್ಲಿ ಮೊದಲ ಸ್ಥಾನದಲ್ಲಿದ್ದರೂ ಇಲ್ಲವೆಂದು ಲೆಕ್ಕ! ನಗಬೇಡಿ, ಇದು ನಮಗೆ ಹೊಸದೇನೂ ಅಲ್ಲ. ‘ಇದೆಯಾ?’ ಎಂದು ನೇರವಾಗಿ ಕೇಳುವ ಫಂಕ್ಷನ್ 2020ರಲ್ಲಿ, ಎಂಟನೆಯ ಆವೃತ್ತಿಯಲ್ಲಿ ಬಂತು. ಇಪ್ಪತ್ತೈದು ವರ್ಷ.

ಪೈಥಾನ್ ಕಟ್ಟಿದ ಗೀಡೊ ವ್ಯಾನ್ ರೋಸಮ್ ನೆದರ್ಲೆಂಡಿನವರು. ಹೆಸರಿನ ವಿಷಯದಲ್ಲಿ ಶಿಸ್ತಿನ ಮನುಷ್ಯ. ಅವರೂ ಎಡವಿದರು. ಹಳೆಯ ಪೈಥಾನ್‌ನಲ್ಲಿ ‘ಇನ್‌ಪುಟ್’ ಎಂಬ ಫಂಕ್ಷನ್ ಇತ್ತು. ಬಳಸುವವನು ಟೈಪ್ ಮಾಡಿದ್ದನ್ನು ತೆಗೆದುಕೊಳ್ಳುವುದು ಅದರ ಕೆಲಸ ಎಂದು ಹೆಸರು ಹೇಳುತ್ತದೆ. ಆದರೆ ಅದು ಟೈಪ್ ಮಾಡಿದ್ದನ್ನು ಆಜ್ಞೆ ಎಂದು ತಿಳಿದು ನಡೆಸಿಯೇಬಿಡುತ್ತಿತ್ತು! ಗಿರಾಕಿ ಹೇಳಿದ್ದನ್ನು ಬರೆದುಕೊಳ್ಳೋ ಎಂದು ಕೂರಿಸಿದ ಗುಮಾಸ್ತ, ಗಿರಾಕಿ ‘ಗಲ್ಲಾಪೆಟ್ಟಿಗೆ ತೆಗಿ’ ಎಂದರೆ ತೆಗೆದುಕೊಟ್ಟ ಹಾಗೆ. ಸುಮ್ಮನೆ ಬರೆದುಕೊಳ್ಳುವ ಸಂಭಾವಿತ ಫಂಕ್ಷನ್ ಬೇರೆ ಇತ್ತು, ಅದಕ್ಕೆ ‘ರಾ ಇನ್‌ಪುಟ್’ ಎಂಬ ಒರಟು ಹೆಸರು. ಒಳ್ಳೆಯ ಹೆಸರು ಅಪಾಯದವನಿಗೆ, ಕೆಟ್ಟ ಹೆಸರು ಸಂಭಾವಿತನಿಗೆ. ಹೊಸಬರು ಯಾವುದನ್ನು ಮೊದಲು ಮುಟ್ಟುತ್ತಾರೆ ಹೇಳಿ?

2008ರ ಡಿಸೆಂಬರಿನಲ್ಲಿ ಬಂದ ಮೂರನೆಯ ಪೈಥಾನ್‌ನಲ್ಲಿ ಇದನ್ನು ಸರಿಪಡಿಸಿದರು. ‘ಪ್ರಿಂಟ್’ ಕೂಡ ಅಲ್ಲಿಯವರೆಗೆ ಫಂಕ್ಷನ್ ಆಗಿರಲಿಲ್ಲ, ಫಂಕ್ಷನ್ ಆಯಿತು. ಅಂದರೆ ಮುಂದೆ ಹಿಂದೆ ಒಂದು ಜೊತೆ ಆವರಣ ಚಿಹ್ನೆ ಹಾಕಬೇಕು, ಅಷ್ಟೇ. ಆ ಬದಲಾವಣೆಗಳಿಂದ ಹಳೆಯ ಪ್ರೋಗ್ರಾಮುಗಳು ಓಡದೆ ನಿಂತವು. ಎರಡು ಪೈಥಾನ್‌ಗಳು ಹನ್ನೊಂದು ವರ್ಷ ಜೊತೆಜೊತೆಗೆ ಸಂಸಾರ ನಡೆಸಿ, ಹಳೆಯದಕ್ಕೆ 2020ರ ಜನವರಿ 1ಕ್ಕೆ ಬೆಂಬಲ ನಿಂತಿತು. ಅದೇ ಹೊತ್ತಿನಲ್ಲಿ ‘ರೆಡ್ಯೂಸ್’ ಎಂಬ ಫಂಕ್ಷನನ್ನು ಕೇಸಿನಿಂದ ತೆಗೆದು ಬೀರುವಿಗೆ ಹಾಕಿದರು. ಅದನ್ನು ಬಳಸಿದ ಸಾಲು ಓದಿದಾಗಲೆಲ್ಲ ಕಾಗದ ಪೆನ್ನು ಹಿಡಿದು ಚಿತ್ರ ಬರೆದು ಅರ್ಥ ಮಾಡಿಕೊಳ್ಳಬೇಕು ಎಂಬುದು ಗೀಡೊ ಅವರ ದೂರು. ಜನ ಅದನ್ನು ಹೆಚ್ಚಾಗಿ ಬಳಸುತ್ತಿದ್ದದ್ದು ಕೂಡುವುದಕ್ಕೆ. ಅದಕ್ಕೆ ‘ಸಮ್’ 2003ರಲ್ಲೇ ಬಂದಿತ್ತು. ಕೇಸಿನಲ್ಲಿ ಏನಿರಬೇಕು ಎಂಬುದರಷ್ಟೇ ಏನಿರಬಾರದು ಎಂಬುದೂ ಮುಖ್ಯ ಎಂದು ನನಗೆ ಅನ್ನಿಸಿದ್ದು ಇದನ್ನು ಓದಿದಾಗ.

ಜಾವಾಸ್ಕ್ರಿಪ್ಟ್‌ಗೆ ಆ ಅದೃಷ್ಟವೂ ಇಲ್ಲ. ಬ್ರೆಂಡನ್ ಐಕ್ 1995ರ ಮೇ ತಿಂಗಳಲ್ಲಿ ಹತ್ತು ದಿನದಲ್ಲಿ ಅದರ ಮೊದಲ ರೂಪ ಕಟ್ಟಿದರು. ಜಗತ್ತಿನ ಎಲ್ಲ ಜಾಲತಾಣಗಳಲ್ಲೂ ಅದು ಹೊಕ್ಕಿರುವುದರಿಂದ ಹಳೆಯದನ್ನು ಮುರಿಯುವ ಹಾಗಿಲ್ಲ. ಪಟ್ಟಿಯೊಳಗಿನ ಪಟ್ಟಿಯನ್ನು ಬಿಡಿಸಿ ಸಪಾಟು ಮಾಡುವ ಒಂದು ಫಂಕ್ಷನ್‌ಗೆ ‘ಫ್ಲ್ಯಾಟನ್’ ಎಂದು ಹೆಸರಿಡಲು ಹೊರಟರು. ಮೂಟೂಲ್ಸ್ ಎಂಬ ಹಳೆಯ ಸಲಕರಣೆ ಅದೇ ಹೆಸರನ್ನು ಮೊದಲೇ ಬಳಸಿಕೊಂಡಿತ್ತು. ಹೊಸದನ್ನು ತಂದರೆ ಹಳೆಯ ತಾಣಗಳು ಕೆಡುತ್ತವೆ. 2018ರಲ್ಲಿ ದೊಡ್ಡ ಜಗಳವೇ ಆಯಿತು. ಒಬ್ಬರು ತಮಾಷೆಗೆ ‘ಸ್ಮೂಶ್’ ಎಂದಿಡಿ ಎಂದರು. ಕೊನೆಗೆ ‘ಫ್ಲ್ಯಾಟ್’ ಆಯಿತು. ಮೊದಲು ಬಂದವನು ಹೆಸರು ಹಿಡಿದುಕೊಂಡರೆ ಆಮೇಲೆ ಬಂದವನು ಸಿಕ್ಕ ಹೆಸರಿನಲ್ಲಿ ಬದುಕಬೇಕು.

ಹದಿನೈದು, ಐದು, ನಾಲ್ಕು!

ಈಗ ನಮ್ಮ ವಿಶ್ವೇಶ್ವರಯ್ಯನವರ ಹತ್ತಿರ ವಾಪಸು ಬರೋಣ.

ಸಿ ಭಾಷೆಯವರು ‘ಉದ್ದ ಎಷ್ಟು’ ಎಂಬ ಫಂಕ್ಷನ್ ಮಾಡಿದಾಗ ಅವರ ಮುಂದಿದ್ದದ್ದು ಇಂಗ್ಲಿಷ್. ಒಂದು ಅಕ್ಷರಕ್ಕೆ ಒಂದು ಬೈಟ್ ಜಾಗ. ಬೈಟ್ ಎಣಿಸಿದರೂ ಒಂದೇ, ಅಕ್ಷರ ಎಣಿಸಿದರೂ ಒಂದೇ. ಎರಡು ಬೇರೆ ಬೇರೆ ಪ್ರಶ್ನೆ ಎಂಬುದೇ ಅವರಿಗೆ ಕಾಣಲಿಲ್ಲ. ಒಂದೇ ಹೆಸರು ಸಾಕಾಯಿತು. ಮೋಸವೇನೂ ಇಲ್ಲ. ಅವರ ಮನೆಯ ಬಾಗಿಲನ್ನು ಅವರ ಎತ್ತರಕ್ಕೆ ಕಟ್ಟಿಕೊಂಡರು. ನಾವು ಒಳಗೆ ಹೋಗುವಾಗ ಹಣೆ ಚಚ್ಚಿಕೊಂಡೆವು.

ಕನ್ನಡಕ್ಕೆ ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿದೆ, 128 ಮನೆ. ಅಲ್ಲಿ ‘ಕಿ’ ಎಂಬುದು ಎರಡು ಮೊಳೆ: ‘ಕ’ ಒಂದು, ಗುಡಿಸು ಒಂದು. ‘ನ್ನ’ ಎಂಬುದು ಮೂರು: ‘ನ’, ಹಲಂತದ ಚಿಹ್ನೆ, ಮತ್ತೆ ‘ನ’. ಈಗ ‘ಕನ್ನಡ’ ಎಂಬ ನಮ್ಮ ತಾಯಿಯ ಹೆಸರಿನ ಉದ್ದ ಎಷ್ಟು ಎಂದು ಕೇಳಿ. ಸಿ ಭಾಷೆಯ ಫಂಕ್ಷನ್, ಇಂದು ಎಲ್ಲೆಡೆ ಬಳಸುವ ಯುಟಿಎಫ್-8 ರೂಪದಲ್ಲಿ, 15 ಎನ್ನುತ್ತದೆ. ಒಂದೊಂದು ಮೊಳೆಗೆ ಮೂರು ಬೈಟ್. ಪೈಥಾನ್ 5 ಎನ್ನುತ್ತದೆ. ಜಾವಾಸ್ಕ್ರಿಪ್ಟೂ 5. ಆಪಲ್‌ನವರು 2014ರಲ್ಲಿ ತಂದ ಸ್ವಿಫ್ಟ್ ಭಾಷೆಯವರು ಸ್ವಲ್ಪ ಯೋಚಿಸಿದರು. ಓದುವವನ ಕಣ್ಣಿಗೆ ಒಂದಾಗಿ ಕಾಣುವುದನ್ನು ಒಂದು ಎಂದೇ ಎಣಿಸೋಣ ಎಂದು ಯೂನಿಕೋಡ್ ನಿಯಮ ಹಿಡಿದರು. ಆ ನಿಯಮ ಗುಡಿಸನ್ನು, ಹಲಂತವನ್ನು ಹಿಂದಿನ ಅಕ್ಷರಕ್ಕೆ ಸೇರಿಸುತ್ತದೆ, ಆದರೆ ಒತ್ತನ್ನು ಸೇರಿಸುವುದಿಲ್ಲ. ಕ, ನ್, ನ, ಡ. ಉತ್ತರ 4!

ಹದಿನೈದು ಬಂತು, ಐದು ಬಂತು, ನಾಲ್ಕು ಬಂತು. ಮೂರು ಎಂದು ಹೇಳುವವರೇ ಇಲ್ಲ! ಒಂದನೇ ಕ್ಲಾಸಿನ ಮಗುವಿಗೆ ಗೊತ್ತಿರುವುದು ಯಾವ ಕೇಸಿನಲ್ಲೂ ಇಲ್ಲ.

ಕಾಲೇಜಿನ ಲ್ಯಾಬಿನಲ್ಲಿ ನಿಮಗೆಲ್ಲ ಒಂದು ಅಭ್ಯಾಸ ಕೊಟ್ಟಿರುತ್ತಾರೆ, ಹಿಂದುಮುಂದು ಓದಿದರೂ ಒಂದೇ ಆಗಿರುವ ಪದ ಹುಡುಕುವುದು. ನಮ್ಮ ತೆನಾಲಿ ರಾಮಕೃಷ್ಣನ ‘ವಿಕಟಕವಿ’ಯನ್ನು ಅದಕ್ಕೆ ಕೊಟ್ಟು ನೋಡಿ. ಮೊಳೆ ಮೊಳೆಯಾಗಿ ತಿರುಗಿಸಿದರೆ ಮೊದಲಿಗೆ ಆಸರೆಯಿಲ್ಲದ ಒಂದು ಗುಡಿಸು ಚುಕ್ಕಿ ಚುಕ್ಕಿ ವೃತ್ತದ ಮೇಲೆ ನೇತಾಡುತ್ತದೆ. ಅದರ ಹಿಂದೆ ‘ವಕಟಕಿವ’. ಕಂಪ್ಯೂಟರ್ ಪ್ರಕಾರ ವಿಕಟಕವಿ ವಿಕಟಕವಿಯಲ್ಲ! ಸಾಲದ್ದಕ್ಕೆ ‘ಕೋ’ ಎಂಬ ಒಂದೇ ಅಕ್ಷರವನ್ನು ಯೂನಿಕೋಡ್‌ನಲ್ಲಿ ಎರಡು ಮೊಳೆಯಲ್ಲೂ ಬರೆಯಬಹುದು, ಬಿಡಿಸಿ ನಾಲ್ಕು ಮೊಳೆಯಲ್ಲೂ ಬರೆಯಬಹುದು. ನೋಡಲು ಎರಡೂ ಒಂದೇ. ಉದ್ದ ಬೇರೆ.

ಇದು ನಮ್ಮೊಬ್ಬರ ಗೋಳಲ್ಲ. ತುರ್ಕಿಯವರ ‘ಐ’ ಅಕ್ಷರದ ದೊಡ್ಡ ರೂಪದ ಮೇಲೂ ಚುಕ್ಕಿ ಇರುತ್ತದೆ. ‘ದೊಡ್ಡಕ್ಷರ ಮಾಡು’ ಎಂಬ ಫಂಕ್ಷನ್ ಇಂಗ್ಲಿಷ್ ಒಂದನ್ನೇ ನಂಬಿ ಬರೆದ ಪ್ರೋಗ್ರಾಮುಗಳನ್ನು ತುರ್ಕಿಯ ಕಂಪ್ಯೂಟರುಗಳಲ್ಲಿ ಕೆಡಿಸಿದ್ದುಂಟು. ನಮಗಂತೂ ದೊಡ್ಡಕ್ಷರವೂ ಇಲ್ಲ, ಸಣ್ಣಕ್ಷರವೂ ಇಲ್ಲ. ಆ ಫಂಕ್ಷನ್ ನಮ್ಮ ಪಾಲಿಗೆ ಕೇಸಿನಲ್ಲಿ ಜಾಗ ತಿನ್ನುವ ಖಾಲಿ ಮನೆ.

ಈಗ ನಿಮ್ಮ ರಕ್ತ ಬಿಸಿಯಾಗುವ ವಿಷಯ ಹೇಳುತ್ತೇನೆ. 2023ರ ಸೆಪ್ಟೆಂಬರಿನಲ್ಲಿ ಯೂನಿಕೋಡ್ 15.1 ಬಂತು. ಅದರಲ್ಲಿ ಒಂದು ಹೊಸ ನಿಯಮ ಸೇರಿಸಿದರು. ಹಲಂತದಿಂದ ಕೂಡಿಕೊಂಡ ಒತ್ತಕ್ಷರವನ್ನು ಒಡೆಯದೆ ಒಂದೇ ಎಂದು ಎಣಿಸಬೇಕು. ಸರಿಯಾದ ನಿಯಮ! ಆದರೆ ಯಾವ ಯಾವ ಲಿಪಿಗೆ? ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಆರು. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ತಮಿಳು, ಗುರುಮುಖಿಯೂ ಇರಲಿಲ್ಲ ನಿಜ. ತಮಿಳಿನಲ್ಲಿ ಒತ್ತಕ್ಷರವೇ ಅಪರೂಪ. ಕನ್ನಡ ಹಾಗಲ್ಲ. ಒತ್ತಿಲ್ಲದೆ ನಮಗೆ ಅಮ್ಮನೂ ಇಲ್ಲ, ಅಪ್ಪನೂ ಇಲ್ಲ, ಅನ್ನವೂ ಇಲ್ಲ. ಆ ಪಟ್ಟಿಯ ಪ್ರಕಾರ ತೆಲುಗಿನ ‘ಅಮ್ಮ’ ಎರಡು, ಕನ್ನಡದ ‘ಅಮ್ಮ’ ಮೂರು. ಅಕ್ಕಪಕ್ಕದ ಮನೆ, ಒಂದೇ ಬೇರಿನ ಲಿಪಿ, ಒಂದೇ ಪದ!

ಧಿಕ್ಕಾರ ಕೂಗಬೇಕು ಅನ್ನಿಸುತ್ತದೆ ಅಲ್ಲವೇ? ನನಗೂ ಅನ್ನಿಸಿತು. ಕರಪತ್ರದ ಪ್ಲೇಟು ಮಾಡಿಸಲು ಹೊರಟಿದ್ದೆ. ಹುಡುಗ ತಡೆದ. ‘ಮಾವ, ನೀವು ಟೈಪ್ ಮಾಡೋವಾಗ ‘ನ್ನ’ದಲ್ಲಿ ಒತ್ತು ತಪ್ಪಾದ್ರೆ ಏನು ಮಾಡ್ತೀರಿ?’ ಎಂದ. ಒತ್ತನ್ನು ಮಾತ್ರ ಅಳಿಸುತ್ತೇನೆ ಎಂದೆ. ‘ಇದೇ ನಿಯಮ ಹಿಡಿದು ಯಾರಾದ್ರೂ ಕರ್ಸರ್ ಓಡಿಸಿದ್ರೆ, ಇಡೀ ‘ನ್ನ’ ಒಂದೇ ಗಂಟು. ಮಧ್ಯೆ ಕರ್ಸರ್ ನಿಲ್ಲಲ್ಲ’ ಎಂದ. ನನಗೆ ಉತ್ತರ ಹೊಳೆಯಲಿಲ್ಲ. ಮೂವತ್ತು ಸಲ ಪ್ರೂಫ್ ತಿದ್ದುವವನಿಗೆ ಒತ್ತು ಬೇರೆಯಾಗಿ ಸಿಗುವುದೇ ಅನುಕೂಲ. ಹಾಗೆಂದು ಎಣಿಕೆಯಲ್ಲಿ ಕನ್ನಡವನ್ನು ಒಡೆಯಬಹುದೇ? ಕೂಡದು. ಅಂದರೆ ಎರಡು ಬೇರೆ ಪ್ರಶ್ನೆ. ಎರಡಕ್ಕೂ ಒಂದೇ ನಿಯಮ ಕಟ್ಟಿದರೆ ಒಂದು ಕಡೆ ಯಾರಿಗೋ ನೋವಾಗಿಯೇ ಆಗುತ್ತದೆ. ಈ ಪಟ್ಟಿಯ ಹಿಂದೆ ಯಾವ ಪಿತೂರಿಯೂ ನನಗೆ ಕಾಣಲಿಲ್ಲ. ಕಂಡದ್ದು ಇಷ್ಟು: ಯೂನಿಕೋಡ್‌ಗೆ ಯಾರು ಬೇಕಾದರೂ ಪುರಾವೆ ಸಮೇತ ಬರೆದು ಕಳಿಸಬಹುದು. ಅಂಥ ಪಟ್ಟಿಗಳು ಬದಲಾಗುವುದು ಹಾಗೆಯೇ. ನಿಮ್ಮಂಥ ಸಾವಿರಾರು ಹುಡುಗರು ಇರುವ ಊರಿನಿಂದ ಅಂಥ ಪತ್ರಗಳು ಮೂಟೆ ಮೂಟೆ ಹೋಗಬೇಕಿತ್ತು!

‘ಉದ್ದ’ ಎಂದು ಹೆಸರಿಟ್ಟರೆ ಸಾಕೇ?

ಈ ಮಾತು ಹೇಳಿದಾಗಲೆಲ್ಲ ಒಬ್ಬ ಗೆಳೆಯ ಎದ್ದು ನಿಂತು ಕೇಳುತ್ತಾನೆ: ‘ಲೆನ್ ಯಾಕೆ ಸಾರ್, ಉದ್ದ ಅಂತ ಇಡೋಣ. ಪ್ರಿಂಟ್ ಯಾಕೆ, ಮುದ್ರಿಸು ಅಂತ ಇಡೋಣ!’ ಇಡೋಣ, ಬೇಡ ಎಂದವರಾರು? ಜರ್ಮನ್ ಎಕ್ಸೆಲ್‌ನಲ್ಲಿ ಕೂಡುವ ಫಂಕ್ಷನ್‌ನ ಹೆಸರು ಜರ್ಮನ್‌ನಲ್ಲೇ ಇದೆ, ಫ್ರೆಂಚ್ ಎಕ್ಸೆಲ್‌ನಲ್ಲಿ ಫ್ರೆಂಚ್. ಬರ್ಲಿನ್‌ನಲ್ಲಿ ಮಾಡಿದ ಕಡತವನ್ನು ಪ್ಯಾರಿಸ್‌ನಲ್ಲಿ ತೆರೆದರೆ ಹೆಸರು ತಾನೇ ಬದಲಾಗುತ್ತದೆ, ಒಳಗಿನ ಗುರುತು ಒಂದೇ. ತಮಿಳರು ಮಕ್ಕಳಿಗೆ ಕಲಿಸಲೆಂದು ‘ಎಳಿಲ್’ ಎಂಬ ಭಾಷೆಯನ್ನೇ ಕಟ್ಟಿದ್ದಾರೆ, ಆಜ್ಞೆಗಳೆಲ್ಲ ತಮಿಳು. ಮೆಚ್ಚಬೇಕು.

ಆದರೆ ಯೋಚಿಸಿ. ‘ಲೆನ್’ ಬದಲು ‘ಉದ್ದ’ ಎಂದು ಬರೆದರೂ ಅದು ‘ಕನ್ನಡ’ಕ್ಕೆ 5 ಎಂದೇ ಹೇಳಿದರೆ? ಬೋರ್ಡು ಕನ್ನಡದಲ್ಲಿ ಬರೆಸಿ ಒಳಗೆ ಕನ್ನಡ ಗೊತ್ತಿಲ್ಲದವರನ್ನು ಕೂರಿಸಿದ ಅಂಗಡಿಗಳನ್ನು ನೀವು ನೋಡಿಲ್ಲವೇ?

ನೀವು ಸ್ವಂತವಾಗಿ ಬರೆಯುವ ಫಂಕ್ಷನ್‌ಗೆ ಕನ್ನಡ ಲಿಪಿಯಲ್ಲೇ ಹೆಸರಿಡಬಹುದು. ಪೈಥಾನ್‌ನಲ್ಲಿ 2008ರಿಂದ ಅದಕ್ಕೆ ಅವಕಾಶವಿದೆ. ಅಲ್ಲೂ ಒಂದು ಕೊಕ್ಕೆ. ‘ರಾಜ್‌ಕುಮಾರ್’ ಎಂದು ಸರಿಯಾಗಿ ಬರೆಯಲು ‘ಜ್’ ಮತ್ತು ‘ಕು’ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಹಾಕಬೇಕು. ಇಲ್ಲದಿದ್ದರೆ ‘ರಾಜ್ಕುಮಾರ್’ ಆಗುತ್ತದೆ. ಆ ಕಾಣದ ಗುರುತು ಹೆಸರಿನಲ್ಲಿ ಬಂದರೆ ಪೈಥಾನ್ ತಪ್ಪು ಎಂದು ನಿಲ್ಲುತ್ತದೆ. ‘ರ‍್ಯಾಂಕ್’ ಎಂಬುದಕ್ಕೂ ಅದೇ ಗತಿ. ಕನ್ನಡಕ್ಕೆ ಬಾಗಿಲು ತೆರೆದಿದೆ, ಅಣ್ಣಾವ್ರಿಗೆ ತೆರೆದಿಲ್ಲ!

ಹುಡುಗನೂ ನಾನೂ ಕೂತು ನಮ್ಮದೇ ಒಂದು ಎಣಿಕೆಯ ಫಂಕ್ಷನ್ ಮಾಡಿದೆವು. ಹಲಂತದ ಮುಂದೆ ವ್ಯಂಜನ ಬಂದರೆ ಕೂಡಿಸು, ಕಾಣದ ಗುರುತು ಬಂದರೆ ಬಿಡಿಸು. ‘ಕನ್ನಡ’ಕ್ಕೆ 3 ಬಂದಾಗ ಇಬ್ಬರೂ ಕಾಫಿ ಕುಡಿದೆವು. ಆಮೇಲೆ ಹೆಸರಿಡುವ ಹೊತ್ತಿಗೆ ಜಗಳ ಶುರುವಾಯಿತು. ‘ಅಕ್ಷರ ಎಣಿಕೆ’ ಎಂದಿಡು ಎಂದೆ. ‘ರಾಜ್‌ಕುಮಾರ್‌ಗೆ ಎಷ್ಟು ಮಾವ?’ ಎಂದ. ರಾ, ಜ್, ಕು, ಮಾ, ರ್. ಐದು ಎಂದೆ. ಪಕ್ಕದಲ್ಲಿ ನಿವೃತ್ತ ಕನ್ನಡ ಮೇಷ್ಟ್ರು ಮದುವೆ ಪತ್ರಿಕೆಯ ಪ್ರೂಫ್ ನೋಡುತ್ತಿದ್ದರು. ‘ಅದು ಹೇಗಯ್ಯಾ ಐದು? ಛಂದಸ್ಸಿನಲ್ಲಿ ಕೊನೆಯ ‘ರ್’ ಹಿಂದಿನ ಅಕ್ಷರಕ್ಕೆ ಸೇರುತ್ತೆ, ಬೇರೆ ಎಣಿಸಲ್ಲ. ಮೂರು!’ ಎಂದರು. ‘ಪದಬಂಧದಲ್ಲಿ ‘ರ್’ಗೂ ಒಂದು ಮನೆ ಕೊಡ್ತಾರಲ್ಲ ಮೇಷ್ಟ್ರೇ’ ಎಂದು ನಾನು. ‘ಮಾತ್ರೆ ಎಣಿಸಿದರೆ ಇನ್ನೂ ಬೇರೆ. ನಿನ್ನ ‘ಕನ್ನಡ’ವೇ ನಾಲ್ಕು ಮಾತ್ರೆ’ ಎಂದು ಅವರು.

ನೋಡಿದಿರಾ! ಬೆಲ್ ಲ್ಯಾಬ್ಸ್‌ನವರನ್ನು ಬೈಯುತ್ತಿದ್ದ ನಾನೇ ಒಂದು ಪ್ರಶ್ನೆಯ ಹೆಸರನ್ನು ಮೂರು ಪ್ರಶ್ನೆಗೆ ಅಂಟಿಸಲು ಹೊರಟಿದ್ದೆ. ಹುಡುಗ ಕೊನೆಗೆ ಅದಕ್ಕೆ ‘ಪದಬಂಧದ ಮನೆ’ ಎಂದು ಹೆಸರಿಟ್ಟ. ಘನವಾದ ಹೆಸರೇನಲ್ಲ. ಆದರೆ ಬಳಸುವವನಿಗೆ ಏನನ್ನು ಎಣಿಸುತ್ತಿದ್ದೇನೆ ಎಂದು ಗೊತ್ತಾಗುತ್ತದೆ.

ಇಷ್ಟೆಲ್ಲ ಆದ ಮೇಲೆ ಹೊಳೆದದ್ದು ಇನ್ನೊಂದು. ಗುರುತಿನ ಚೀಟಿಗೆ ಅಕ್ಷರದ ಎಣಿಕೆಯೇ ಬೇಕಿರಲಿಲ್ಲ! ಅಪ್ಪ ಎಂದಾದರೂ ಅಕ್ಷರ ಎಣಿಸಿ ಸಾಲು ಕಟ್ಟಿದ್ದರೇ? ಸ್ಟಿಕ್ಕಿನಲ್ಲಿ ಜೋಡಿಸಿ, ಸಾಲಿನಲ್ಲಿ ಕೂರುತ್ತದೋ ಇಲ್ಲವೋ ನೋಡುತ್ತಿದ್ದರು. ‘ರ’ ಸಣ್ಣದು, ‘ಝ’ ಅಗಲ, ಎಣಿಸಿ ಏನು ಪ್ರಯೋಜನ? ಬೇಕಾಗಿದ್ದದ್ದು ಮಿಲಿಮೀಟರಿನ ಲೆಕ್ಕ. ಈ ಫಾಂಟಿನಲ್ಲಿ ಈ ಹೆಸರಿನ ಅಗಲ ಎಷ್ಟು ಎಂದು ಅಳೆದು ಹೇಳುವ ಫಂಕ್ಷನ್ ಬೇರೆ ಇದೆ. ಅದನ್ನು ಬಳಸಿ, ಜಾಗ ಸಾಲದ ಕಡೆ ಅಕ್ಷರವನ್ನು 12 ಪಾಯಿಂಟಿನಿಂದ 10ಕ್ಕೆ ಇಳಿಸಿದೆವು. ಒಂದು ಹೆಸರನ್ನೂ ಕತ್ತರಿಸಲಿಲ್ಲ. 600 ಚೀಟಿಯನ್ನೂ ಸ್ವಂತ ಖರ್ಚಿನಲ್ಲಿ ಮತ್ತೆ ಮುದ್ರಿಸಿದೆ. ‘ಉದ್ದ’ ಎಂಬ ಒಂದು ಹೆಸರು ಕೈಗೆ ಹತ್ತಿರ ಇದ್ದದ್ದೇ ತಪ್ಪಾಯಿತು. ಹುಡುಗ ಅಲ್ಲಿಗೇ ಕೈ ಹಾಕಿದ್ದ.

ನೀವು ದಿನವೂ ಫಂಕ್ಷನ್‌ಗಳಿಗೆ ಹೆಸರಿಡುವವರು. ನಿಮ್ಮ ಕಂಪನಿಯ ಫಾರಂ, ಟಿಕೆಟ್ಟು, ಬಿಲ್ಲು, ಎಲ್ಲದರಲ್ಲೂ ಒಂದು ಕಡೆ ಹೆಸರು ಬರೆಯುವ ಜಾಗ ಇದ್ದೇ ಇರುತ್ತದೆ. ಅದನ್ನು ಅಳೆಯುವ ಕೋಡನ್ನು ಪರೀಕ್ಷೆ ಮಾಡುವಾಗ ‘ರವಿ’, ‘ಕಮಲ’ ಎಂದು ಕೊಟ್ಟು ಸರಿಯಿದೆ ಎನ್ನಬೇಡಿ. ನನ್ನ ಅಂಗಡಿಯ ಮಹಡಿಯ ಮೇಲೆ ಇಪ್ಪತ್ತೈದು ವರ್ಷದ ಆಮಂತ್ರಣ ಪತ್ರಗಳ ಕಟ್ಟುಗಳಿವೆ. ಲಕ್ಷ್ಮೀನಾರಾಯಣ, ಜ್ಯೋತಿಲಕ್ಷ್ಮಿ, ಕೃಷ್ಣಮೂರ್ತಿ, ಹೊಸ ಕಾಲದ ಬಾಯಿಗೆ ಬಾರದ ಹೆಸರುಗಳು, ಎಲ್ಲ ಇವೆ. ಆ ಹೆಸರುಗಳನ್ನು ಮಾತ್ರ ಬಿಡಿಸಿ ಒಂದು ಪಟ್ಟಿ ಮಾಡುತ್ತಿದ್ದೇವೆ, ಒತ್ತು ಹೆಚ್ಚಿರುವವು ಮೊದಲು. ಬೇಕಾದವರು ಸಂಜೆ ಆರರ ಮೇಲೆ ಬನ್ನಿ, ಕೊಡುತ್ತೇನೆ. ಟೈಪ್ ಮಾಡಲು ಕೈ ಕೊಡುವವರಿದ್ದರೆ ಇನ್ನೂ ಒಳ್ಳೆಯದು. ಹುಡುಗ ಒಬ್ಬನೇ ಆಗಿದ್ದಾನೆ.